ಶನಿವಾರದ ಬೆಣೆಗಳು

ಆ ವರ್ಷ ಮನಾಲಿ ಕಡೆ ಹಿಮ ಬೀಳಲಿಲ್ಲ. ಅದರ ಶಿಕ್ಷೆ ಬಾದಾಮಿಯಲ್ಲಿದ್ದ ನನ್ನ ಬೆನ್ನಿಗೆ ಬಿತ್ತು.

ಬಾಗಲಕೋಟೆಯ ನವನಗರದಲ್ಲಿ ಒಂದು ಪ್ರವಾಸ ಕಂಪನಿ ಇದೆ. ಕಾಲಿಗೆ ಸ್ಕೀ ಹಲಗೆ ಕಟ್ಟಿಕೊಂಡು ಹಿಮದ ಪರ್ವತದಲ್ಲಿ ಒಂದು ಗುಡಿಸಲಿನಿಂದ ಇನ್ನೊಂದು ಗುಡಿಸಲಿಗೆ ಹೋಗುವುದು, ಶನಿವಾರ ಹೊರಟು ಭಾನುವಾರ ಮುಗಿಸುವುದು, ಜೊತೆಗೊಬ್ಬ ಗೈಡ್, ಬಿಸಿ ಊಟ, ಬಿದ್ದರೆ ವಿಮೆ. ಇಷ್ಟೆಲ್ಲ ಹೇಳಿ ಆ ಕಂಪನಿ ಜನರನ್ನು ಸೇರಿಸಿತ್ತು. ಹಿಮ ಬರಲಿಲ್ಲ. ಜನ ಮುಂಗಡ ವಾಪಸ್ ಕೇಳಿದರು. ಆಗ ಕಂಪನಿಗೆ ಬಾದಾಮಿ ನೆನಪಾಯಿತು. ಗುಡ್ಡ ಇದೆ. ಗುಡಿಸಲು ಕಟ್ಟಿಸಿದರಾಯಿತು. ಗೈಡ್ ಹೇಗೂ ಸಂಬಳದ ಮೇಲೆ ಕೂತಿದ್ದಾನೆ. ಕೊರತೆ ಎಂದರೆ ಹಿಮ ಒಂದೇ.

ಹದಿನೈದು ದಿನದಲ್ಲಿ ಎರಡು ತಗಡಿನ ಗುಡಿಸಲು ಎದ್ದವು. ತಗಡಿಗೆ ಕಟ್ಟಿಗೆಯ ಬಣ್ಣ ಬಳಿದು, ಬಾಗಿಲ ಮೇಲೆ 'ಹಿಮಗಿರಿ ಒಂದು', 'ಹಿಮಗಿರಿ ಎರಡು' ಎಂದು ಬರೆಸಿದರು. ಆ ತಗಡನ್ನೆಲ್ಲ ಗುಡ್ಡ ಹತ್ತಿಸಿದವನು ನಾನೇ. ಹಾಗಾಗಿ ಕಂಪನಿಯ ಶ್ರುತಿ ಮೇಡಂ ಅವರ ಹತ್ತಿರ ಗೈಡ್ ಕೆಲಸ ಕೇಳುವ ಹಕ್ಕು ನನಗಿದೆ ಎಂದುಕೊಂಡೆ.

ಮೇಡಂ ಹುನಗುಂದದವರು. ಸಿಟ್ಟಿಗೇಳುವವರಲ್ಲ. ಇಲ್ಲ ಎನ್ನುವುದನ್ನೂ ಚಹಾ ಕೊಟ್ಟೇ ಹೇಳುತ್ತಾರೆ.

"ನೋಡ್ರಿ ಅರ್ಜು ಅವರ, ಗೈಡ್ ಕಾರ್ಡಿಗೆ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ನಿಮ್ಮದು ಎಂಟನೇತ್ತ."

"ಗುಡ್ಡಕ್ಕ ಅದು ಗೊತ್ತಿಲ್ರಿ ಮೇಡಂ."

"ಫಾರ್ಮಿಗೆ ಗೊತ್ತಾಗ್ತದಲ್ರಿ."

ಎಂಟನೇತ್ತೆಗೆ ಸಾಲಿ ಬಿಟ್ಟದ್ದು ನಾನು ಬೇಕೆಂದಲ್ಲ. ನಮ್ಮಪ್ಪ ಅಹ್ಮದಸಾಬ ಕಲ್ಲು ಒಡೆಯುವವನು. ಕಲ್ಲಿನ ಕೆಳಗೆ ತಲೆ ಹಾಕುವ ಮೊದಲು ಮೂರು ಕಡೆ ಸುತ್ತಿಗೆಯಿಂದ ತಟ್ಟಿ ಕಿವಿಗೊಡಬೇಕು, ಖಣ್ ಎಂದರೆ ಗಟ್ಟಿ, ಬೊದ್ ಎಂದರೆ ಒಳಗೆ ಸೀಳಿದೆ, ಇದು ಅವನ ರೂಢಿ. ಒಂದು ದಿನ ಪಕ್ಕದಲ್ಲೇ ಯಾರೋ ಡ್ರಿಲ್ಲಿಂಗ್ ಮಷಿನ್ ಹಚ್ಚಿದ್ದರು. ಅಪ್ಪ ತಟ್ಟಿದ, ಕಲ್ಲು ಹೇಳಿತು, ಅಪ್ಪನಿಗೆ ಕೇಳಿಸಲಿಲ್ಲ. ಬಲಗಾಲು ಹೋಯಿತು. ಮರುದಿನದಿಂದ ಸುತ್ತಿಗೆ ನನ್ನ ಕೈಗೆ ಬಂತು, ನನ್ನ ಪಾಟಿಚೀಲ ಅಟ್ಟಕ್ಕೆ ಹೋಯಿತು. ಹನ್ನೊಂದು ವರ್ಷ ಆ ಗುಡ್ಡದಲ್ಲೇ ಬೆವರು ಸುರಿಸಿದ್ದೇನೆ. ಯಾವ ಸಂದಿಯಲ್ಲಿ ನೀರಿದೆ, ಯಾವ ಪೊಟರೆಯಲ್ಲಿ ಜೇನಿದೆ ಎಂಬುದು ನನಗೆ ಬಾಯಿಪಾಠ. ಆದರೆ ಕಾರ್ಡ್ ಇಲ್ಲದವನು ಗುಡ್ಡ ತೋರಿಸಿದರೆ ಅವನು ದಲ್ಲಾಳಿ. ಕಾರ್ಡ್ ಇದ್ದವನು ತೋರಿಸಿದರೆ ಗೈಡ್. ಬಸ್ ಸ್ಟ್ಯಾಂಡಿನಲ್ಲಿ ಕಾರ್ಡಿನವರು ನನ್ನನ್ನು ಮೂರು ಸಲ ಅಂಗಿ ಹಿಡಿದು ಎಳೆದಿದ್ದಾರೆ.

ಮೇಡಂ ಫಾರ್ಮಿನ ಕೊನೆಯ ಸಾಲು ತೋರಿಸಿದರು. ಅನುಭವದ ಮೇಲೆ ವಿನಾಯಿತಿ, ಮುಖ್ಯ ಗೈಡಿನ ಅಭಿಪ್ರಾಯ, ಸಹಿ.

"ಈ ಶನಿವಾರ, ರವಿವಾರ ನೀವು ಸಾಮಾನು ಹೊತ್ತು ಜೋಡಿ ಹೋಗ್ರಿ. ನಮ್ಮ ಶಿವಪುತ್ರ ಅವರು ಒಂದು ಸಾಲು ಛಲೋ ಬರದು ಸಹಿ ಮಾಡಿದರ ನಿಮಗ ಕಾರ್ಡ್ ಬರ್ತದ. ಇಲ್ಲಂದ್ರ ಇಲ್ಲ."

ಶಿವಪುತ್ರ ಇಳಕಲ್ಲಿನವನು, ನೇಕಾರರ ಮನೆಯ ಮಗ. ಮನಾಲಿಯಲ್ಲಿ ಇಪ್ಪತ್ತಾರು ದಿನದ ಸ್ಕೀ ತರಬೇತಿ ಮುಗಿಸಿ ಬಂದಿದ್ದ. ಹಿಮ ಮುಟ್ಟಿದ ಇಳಕಲ್ಲಿನ ಮೊದಲ ಮನುಷ್ಯ ತಾನೇ ಎಂದು ಅವನು ಹೇಳಿಕೊಳ್ಳುತ್ತಿದ್ದ, ಪರೀಕ್ಷೆ ಮಾಡಿದವರಿಲ್ಲ. ಬಾದಾಮಿ ಗುಡ್ಡಕ್ಕೆ ಅವನು ಬಂದದ್ದು ಒಮ್ಮೆ, ಸಾಲಿ ಟ್ರಿಪ್ಪಿನಲ್ಲಿ, ಆರನೇತ್ತಾ ಇದ್ದಾಗ.

ಶನಿವಾರ ಬೆಳಿಗ್ಗೆ ಕೆರೆಯ ದಂಡೆಯಲ್ಲಿ ಆರು ಜನ ಸೇರಿದರು. ಜನವರಿಯೇ ಆದರೂ ಎಂಟು ಗಂಟೆಗೆ ಬಿಸಿಲು ಚುರುಕಾಗಿತ್ತು. ಆರೂ ಜನ ಹಿಮಕ್ಕೆಂದು ಕೊಂಡಿದ್ದ ದಪ್ಪ ಜಾಕೀಟು ಹಾಕಿದ್ದರು. ಕೊಂಡ ಮೇಲೆ ಹಾಕಲೇಬೇಕು. ಅವರಲ್ಲಿ ಇಬ್ಬರು ಮುಖ್ಯ. ಒಬ್ಬರು ಇಳಕಲ್ಲಿನ ಗ್ರಾನೈಟ್ ವ್ಯಾಪಾರಿ ವೀರೇಶ ಸಾಹುಕಾರರು, ಬರುವಾಗ ಅಮೀನಗಡದಲ್ಲಿ ಇಳಿದು ಎಂಟು ಡಬ್ಬಿ ಕರದಂಟು ತಂದಿದ್ದರು. ಇನ್ನೊಬ್ಬರು ಹುಬ್ಬಳ್ಳಿಯ ಹಲ್ಲಿನ ಡಾಕ್ಟರ್ ನಾಗರತ್ನಾ.

ಶಿವಪುತ್ರ ಎಲ್ಲರ ಎದೆಗೂ ಒಂದೊಂದು ಪುಟ್ಟ ಯಂತ್ರ ಕಟ್ಟಿದ. ಹಿಮ ಕುಸಿದು ಹೂತುಹೋದವರು ಎಲ್ಲಿದ್ದಾರೆಂದು ಅದು ಕೂಗಿ ಹೇಳುತ್ತದಂತೆ. ನನಗೆ ಕಟ್ಟಲಿಲ್ಲ. ಏಳೇ ಇದ್ದವು. ನನ್ನ ಬೆನ್ನಿಗೆ ಮೂರು ಜೊತೆ ಸ್ಕೀ ಹಲಗೆ ಕಟ್ಟಿದ.

"ಇವು ಯಾಕಣ್ಣಾ?" ಎಂದೆ.

"ಹಿಮ ಇಲ್ಲದ ಕಡೆ ಸ್ಕೀ ಹೊತ್ತಕೊಂಡು ನಡೀಬೇಕು. ಅದು ರೂಲ್ಸ್ ಐತಿ."

"ಹಿಮ ಎಲ್ಲಿಂದ ಶುರು ಆಗತೈತಿ?"

"ನೀ ಹೊರೂದು ಮಾಡಲೇ."

ನನಗೆ ಒಂದು ಸಾಲು ಬೇಕಾಗಿತ್ತು. ಹೊತ್ತೆ.

ಹತ್ತುವಾಗ ಶಿವಪುತ್ರ ಇನ್ನೊಂದು ರೂಲ್ಸ್ ಹೇಳಿದ. ಇಳಿಜಾರಿನಲ್ಲಿ ಗುಂಪಾಗಿ ಹೋಗಬಾರದು, ಭಾರಕ್ಕೆ ಹಿಮ ಕುಸಿಯುತ್ತದೆ, ಒಬ್ಬರಿಂದೊಬ್ಬರಿಗೆ ಇಪ್ಪತ್ತು ಮೀಟರ್ ಅಂತರ ಇರಲಿ. ಬಾದಾಮಿಯಲ್ಲಿ ಹುಟ್ಟಿದ ಮೂರು ವರ್ಷದ ಕೂಸಿಗೂ ಗೊತ್ತು, ಆ ಮೆಟ್ಟಿಲುಗಳಲ್ಲಿ ಒಬ್ಬೊಬ್ಬರೇ ಹೋಗಬಾರದು, ಮಂಗ್ಯಾಗಳಿಗೆ ಬೇಕಾದದ್ದು ಅದೇ ಅಂತರ. ನಾನು ಬಾಯಿ ತೆರೆದೆ, ಶಿವಪುತ್ರ ಕೈ ಎತ್ತಿದ, ಮುಚ್ಚಿದೆ. ಮೂರನೇ ತಿರುವಿನಲ್ಲಿ ಕೋಟೆಗೋಡೆಯ ಮೇಲಿಂದ ಇಪ್ಪತ್ತು ಮಂಗ್ಯಾ ಇಳಿದವು. ಒಬ್ಬೊಬ್ಬ ಅತಿಥಿಗೆ ಮೂರು ಮೂರು ಬಂದವು, ಯಾರಿಗೂ ಕಡಿಮೆಯಾಗಲಿಲ್ಲ. ವೀರೇಶ ಸಾಹುಕಾರರು ಐದು ಡಬ್ಬಿ ಕರದಂಟು ಕಳೆದುಕೊಂಡರು. ಶಿವಪುತ್ರನ ಹಿಮದ ಕನ್ನಡಕ ಒಂದು ಮರಿಯ ಕೈಯಲ್ಲಿ ಗೋಡೆಯ ತುದಿಗೆ ಹೋಯಿತು. ನಾನು ಸ್ಕೀ ಹಲಗೆ ಒಂದನ್ನು ಬಿಚ್ಚಿ ಬಂಡೆಗೆ ಬಡಿದೆ. ಆ ಸಪ್ಪಳಕ್ಕೆ ಮಂಗ್ಯಾ ಓಡಿದವು, ಕನ್ನಡಕ ಕೆಳಗೆ ಬಿತ್ತು. ಆ ಎರಡು ದಿನದಲ್ಲಿ ಸ್ಕೀ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಶಿವಪುತ್ರ ಕನ್ನಡಕ ಒರೆಸಿಕೊಳ್ಳುತ್ತ ನನ್ನ ಪಕ್ಕ ಬಂದ.

"ಛಲೋ ಮಾಡಿದಿ. ಫಾರ್ಮ್ ಎಲ್ಲೈತಿ?"

"ಕಿಸೇದಾಗ ಐತಣ್ಣಾ."

"ನಾಳಿ ನಡಿಗಿ ಮುಗದ ಮ್ಯಾಲ ಮಹಾಕೂಟದಾಗ ಬರದ ಕೊಡ್ತೇನಿ ತಗೊ. ಆದರ ಮ್ಯಾಲ ನೀ ಭಾಳ ಮಾತಾಡಬ್ಯಾಡ. ಗೈಡ್ ನಾ ಇದೇನಿ."

ಅಲ್ಲಿಂದ ಮುಂದೆ ಆ ಹಲಗೆಗಳ ಭಾರ ನನಗೆ ಗೊತ್ತಾಗಲಿಲ್ಲ.

'ಹಿಮಗಿರಿ ಒಂದು' ಗುಡಿಸಲಿನಲ್ಲಿ ಊಟ ಮುಗಿಸಿ, ನಾಲ್ಕು ಗಂಟೆಯ ಹೊತ್ತಿಗೆ 'ಹಿಮಗಿರಿ ಎರಡು' ತಲುಪಿದೆವು. ರಾತ್ರಿ ಮಲಗುವುದು ಅಲ್ಲಿ. ತಗಡು ಕಾಯಬಾರದೆಂದು ಅದನ್ನು ಒಂದು ದೊಡ್ಡ ಬಂಡೆಯ ಚಾಚಿನ ಕೆಳಗೆ ಕಟ್ಟಿಸಿದ್ದರು. ಲಾರಿಯಷ್ಟು ದೊಡ್ಡ ಬಂಡೆ, ಹಿಂದೆ ಗುಡ್ಡಕ್ಕೆ ಅಂಟಿಕೊಂಡು ಮುಂದೆ ಗಾಳಿಯಲ್ಲಿ ನಿಂತದ್ದು. ತಗಡು ತಂದು ಹಾಕಿದಾಗ ಜಾಗ ಇದು ಎಂದು ನನಗೆ ಯಾರೂ ಹೇಳಿರಲಿಲ್ಲ. ಕೆಳಗಿನ ಬಯಲಿಗೇ ಇಳಿಸಿ ಹೋಗಿದ್ದೆ.

ಹಲಗೆ ಇಳಿಸಿದೆ. ಸೊಂಟದಲ್ಲಿ ಅಪ್ಪನ ಸುತ್ತಿಗೆ ಇತ್ತು, ಅದು ಯಾವಾಗಲೂ ಇರುತ್ತದೆ. ಒಳಗೆ ಹೋಗುವ ಮೊದಲು ಬಂಡೆಗೆ ಮೂರು ಕಡೆ ತಟ್ಟಿದೆ. ಮೊದಲನೆಯದು ಖಣ್. ಎರಡನೆಯದು ಖಣ್. ಮೂರನೆಯದು ಬೊದ್.

ಕಿವಿ ಹಚ್ಚಿ ಮತ್ತೆ ತಟ್ಟಿದೆ. ಬೊದ್. ಒಂದು ಮೊಳ ಆಚೆ, ಬೊದ್. ಸೀಳು ಅಡ್ಡಕ್ಕೆ ಹೋಗಿತ್ತು, ಗುಡಿಸಲಿನ ಈ ತುದಿಯಿಂದ ಆ ತುದಿಗೆ.

ಸುತ್ತಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಯಾರೂ ನೋಡಿರಲಿಲ್ಲ. ಕಿಸೆಯಲ್ಲಿ ಫಾರ್ಮ್ ಇತ್ತು. ಒಂದು ರಾತ್ರಿಯ ಮಾತು. ಎಷ್ಟೋ ವರ್ಷದಿಂದ ನಿಂತ ಬಂಡೆ ಇನ್ನೊಂದು ರಾತ್ರಿ ನಿಲ್ಲಲಾರದೇ? ಒಳಗೆ ಇಣುಕಿದೆ. ಮಂಚಗಳನ್ನು ಒಂದರ ಮೇಲೊಂದು ಜೋಡಿಸಿದ್ದರು, ಮೇಲಿನ ಮಂಚದಲ್ಲಿ ಡಾಕ್ಟರ್ ನಾಗರತ್ನಾ ಆಗಲೇ ಹಾಸಿಗೆ ಬಿಡಿಸುತ್ತಿದ್ದರು. ಅಪ್ಪನ ಕಾಲು ನೆನಪಾಯಿತು. ಅವನಿಗಾದರೂ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು.

"ಶಿವಪುತ್ರಣ್ಣಾ, ಇದರಾಗ ಮಲಗೂದು ಬ್ಯಾಡ."

"ಯಾಕ?"

"ಮ್ಯಾಲಿನ ಕಲ್ಲು ಬೊದ್ ಅಂತೈತಿ. ಒಳಗ ಸೀಳೈತಿ."

"ಯಾವಾಗ ಬೀಳತೈತಿ?"

"ಅದನ್ನ ಹ್ಯಾಂಗ ಹೇಳ್ಲಿ? ಇವತ್ತ ಬಿದ್ದರೂ ಬೀಳಬಹುದು, ಹತ್ತು ವರ್ಷ ನಿಂತರೂ ನಿಲ್ಲಬಹುದು."

ಶಿವಪುತ್ರ ಎಲ್ಲರಿಗೂ ಕೇಳುವಂತೆ ನಕ್ಕ. "ಬೀಳಬಹುದು, ನಿಲ್ಲಬಹುದು. ಗಿಣಿಶಾಸ್ತ್ರದಂವ ಇದಕ್ಕಿಂತ ಛಲೋ ಹೇಳ್ತಾನ." ಆಮೇಲೆ ನನ್ನ ಕಿವಿಯ ಹತ್ತಿರ ಬಂದು, "ಫಾರ್ಮ್ ನೆನಪೈತಿಲ್ಲೋ ನಿನಗ?" ಎಂದ.

"ಐತಣ್ಣಾ."

"ಮತ್ತ?"

"ಮತ್ತ ಕಲ್ಲು ಬೊದ್ ಅಂತೈತಿ."

ವೀರೇಶ ಸಾಹುಕಾರರು ಎದ್ದು ಬಂದು ಬಂಡೆಗೆ ಅಂಗೈಯಿಂದ ಎರಡು ಏಟು ಹಾಕಿದರು, ಎಮ್ಮೆ ಕೊಳ್ಳುವವರು ಬೆನ್ನು ಚಪ್ಪರಿಸಿದಂತೆ. "ತಮ್ಮಾ, ನಮ್ಮದು ಮೂವತ್ತು ವರ್ಷದ ಗ್ರಾನೈಟ್ ಧಂದೆ. ಸಾವಿರ ವರ್ಷ ಏನೂ ಆಗೂದಿಲ್ಲ ಇದಕ್ಕ. ಕಲ್ಲು ನನಗ ಕಲಿಸಬ್ಯಾಡ."

"ನಿಮ್ಮ ಕಲ್ಲು ಪಾಲಿಶ್ ಆಗಿ ಗೋದಾಮಿಗೆ ಬಂದಿರತೈತ್ರಿ ಸಾವಕಾರ್ರ. ಅದು ಎಲ್ಲಿ ಬೀಳಬೇಕು?"

"ನೋಡ್ರಿ, ಇವನ ನಾಲಿಗಿ."

ಡಾಕ್ಟರ್ ನಾಗರತ್ನಾ ಅಷ್ಟರಲ್ಲಿ ಹೊರಗೆ ಬಂದಿದ್ದರು. "ಎಲ್ಲಿ, ತಟ್ಟಿ ತೋರಸಪಾ" ಎಂದರು. ತಟ್ಟಿದೆ. ಸುತ್ತಿಗೆ ಇಸಿದುಕೊಂಡು ತಾವೇ ತಟ್ಟಿದರು, ಅಲ್ಲೊಮ್ಮೆ ಇಲ್ಲೊಮ್ಮೆ, ಕಣ್ಣು ಮುಚ್ಚಿ.

"ನಾವೂ ಹಲ್ಲು ಹಿಂಗ ತಟ್ಟಿ ನೋಡ್ತೇವಿ," ಎಂದರು. "ಇದು ಒಳಗ ಹುಳುಕು ಬಿದ್ದ ದವಡಿ ಹಲ್ಲಿನ ಸಪ್ಪಳ. ನಾ ಅಂತೂ ಇದರ ಬುಡಕ ಮಲಗೂದಿಲ್ಲ."

ನಾನು ಹೇಳಿದಾಗ ಬಂಡೆ ಗಟ್ಟಿ ಇತ್ತು. ಅದೇ ಮಾತು ಡಾಕ್ಟರ್ ಬಾಯಿಂದ ಬಂದ ಕೂಡಲೇ ಅದಕ್ಕೆ ಬಿರುಕು ಬಂತು. ಐದು ನಿಮಿಷದಲ್ಲಿ ಹಾಸಿಗೆಗಳೆಲ್ಲ ಹೊರಗಿದ್ದವು. ವೀರೇಶ ಸಾಹುಕಾರರು ತಾವು ಹೆದರಿಲ್ಲ, ಬರೀ ಗಾಳಿ ಬೇಕಾಗಿದೆ ಎಂದು ತಮ್ಮ ಹಾಸಿಗೆಯನ್ನು ಎಲ್ಲರಿಗಿಂತ ದೂರ ಒಯ್ದರು.

ಕೆಳಗಿನ ಬಯಲಿನಲ್ಲಿ ಕುರುಬರ ಬೀರಲಿಂಗಪ್ಪ ಕಾಕಾನ ಹಟ್ಟಿ ಇತ್ತು. ಮುಳ್ಳಿನ ಬೇಲಿ, ಒಳಗೆ ಇನ್ನೂರು ಕುರಿ, ಒಂದು ಕಂಬಳಿ ಹೊದಿಸಿದ ಗುಡಿಸಲು. ಎಲ್ಲರನ್ನೂ ಅಲ್ಲಿಗೆ ಇಳಿಸಿದೆ. ಕಾಕಾ ನನ್ನ ಬೆನ್ನ ಮೇಲಿನ ಹಲಗೆ ನೋಡಿದ.

"ಏನಲೇ ಅರ್ಜ್ಯಾ ಅವು?"

"ಹಿಮದ ಮ್ಯಾಲ ಜಾರೂ ಹಲಗಿ, ಕಾಕಾ."

ಕಾಕಾ ಒಮ್ಮೆ ಆಕಾಶ ನೋಡಿದ, ಒಮ್ಮೆ ಜಾಕೀಟಿನಲ್ಲಿ ಬೆವರುತ್ತಿದ್ದ ಜನರನ್ನು ನೋಡಿದ. "ತಿಳೀತು ಬಿಡು," ಎಂದು ಎಲ್ಲರಿಗೂ ರೊಟ್ಟಿ, ಚಟ್ನಿ, ಮೊಸರು ಕೊಟ್ಟ. ಅವರು ತಿಂದರು. ಕುರಿಮರಿ ಎತ್ತಿಕೊಂಡು ಫೋಟೋ ತೆಗೆಸಿಕೊಂಡರು. ಅಲ್ಲೇ ಮಲಗಿದರು.

ಶಿವಪುತ್ರ ಬರಲಿಲ್ಲ. ಕಂಪನಿಯ ಗುಡಿಸಲು ಬಿಟ್ಟು ಗೈಡ್ ಕುರಿಹಟ್ಟಿಯಲ್ಲಿ ಮಲಗುವುದಿಲ್ಲ ಎಂದು 'ಹಿಮಗಿರಿ ಎರಡು' ಒಳಗೆ ಒಬ್ಬನೇ ಮಲಗಿದ. ಎದೆಯ ಯಂತ್ರ ಚಾಲೂ ಇಟ್ಟುಕೊಂಡಿದ್ದನಂತೆ.

ಬೆಳಿಗ್ಗೆ ಹಲ್ಲುಜ್ಜುತ್ತ ಹೊರಗೆ ಬಂದ. ಬಂಡೆ ಇದ್ದಲ್ಲೇ ಇತ್ತು.

"ಬಿತ್ತೇನಲೇ?" ಎಂದು ಮೇಲಿನಿಂದಲೇ ಕೇಳಿದ. ನಾನು ಸ್ಕೀ ಕಟ್ಟುತ್ತಲೇ ಇದ್ದೆ. ದಾರಿಯುದ್ದಕ್ಕೂ ಪ್ರತಿ ಬಂಡೆಯ ಹತ್ತಿರವೂ ಅವನು ನಿಂತು, "ಇದು ಏನಂತೈತಿ, ಕೇಳಿ ಹೇಳಪಾ" ಎಂದ. ಹಿಂದಿನ ಸಂಜೆ ಭಯಪಟ್ಟವರೆಲ್ಲ ಈಗ ಅವನ ಜೊತೆ ನಕ್ಕರು. ಡಾಕ್ಟರ್ ಮಾತ್ರ ನಗಲಿಲ್ಲ.

ಮಹಾಕೂಟದ ಗುಡಿಯ ಹೊಂಡದಲ್ಲಿ ಎಲ್ಲರೂ ಮುಳುಗಿ ಎದ್ದ ಮೇಲೆ ಶಿವಪುತ್ರ ಒದ್ದೆ ಕೈಯಿಂದಲೇ ನನ್ನ ಫಾರ್ಮ್ ಕೇಳಿದ. ಕಲ್ಲಿನ ಕಟ್ಟೆಯ ಮೇಲಿಟ್ಟು ದುಂಡಗಿನ ಅಕ್ಷರದಲ್ಲಿ ಬರೆದ. 'ಅಭ್ಯರ್ಥಿಯು ಭಾರ ಹೊರುವುದರಲ್ಲಿ ಸಮರ್ಥ. ಆದರೆ ಅತಿಥಿಗಳಲ್ಲಿ ಆಧಾರವಿಲ್ಲದ ಭೀತಿ ಹುಟ್ಟಿಸುತ್ತಾನೆ. ಬಂಡೆ ಸುರಕ್ಷಿತವಾಗಿದೆ.' ಕೆಳಗೆ ಸಹಿ. ಸಹಿ ನಾನು ಬಯಸಿದ ಜಾಗದಲ್ಲೇ ಇತ್ತು.

ಮನೆಗೆ ಹೋಗಿ ಅಪ್ಪನಿಗೆ ಹೇಳಿದೆ. ಅಪ್ಪ ಕೇಳಿದ್ದು ಒಂದೇ. "ಎಷ್ಟು ಉದ್ದ ಬೊದ್ ಅಂತಿತ್ತು?" ಕೈ ಅಗಲಿಸಿ ತೋರಿಸಿದೆ. ಅವನು ತನ್ನ ಇಲ್ಲದ ಕಾಲಿನ ಕಡೆ ನೋಡಿ, "ಬೀಳತೈತಿ," ಎಂದ. ಅಪ್ಪನ ಸಹಿ ಫಾರ್ಮಿಗೆ ನಡೆಯುವುದಿಲ್ಲ.

ಮೂರು ವಾರದ ಮೇಲೆ ಶ್ರುತಿ ಮೇಡಂ ಫೋನ್ ಮಾಡಿದರು. ಬಾಗಲಕೋಟೆಗೆ ಹೋದೆ. ಚಹಾ ಬಂತು. ಇಲ್ಲ ಎನ್ನುತ್ತಾರೆ ಎಂದುಕೊಂಡೆ.

"ಅರ್ಜು ಅವರ, ಬಂದವರು ಅಭಿಪ್ರಾಯ ಬರದು ಕಳಿಸ್ಯಾರ. ಆರು ಮಂದಿಗೂ ಭಾಳ ಸೇರಿದ್ದು ಯಾವುದು ಹೇಳ್ರಿ? ಕುರಿಹಟ್ಟಿ. ಮತ್ತ ನೀವು ಕಲ್ಲಿನ ಜೋಡಿ ಮಾತಾಡಿದ್ದು."

"ನಾ ಮಾತಾಡಿಲ್ರಿ. ಕೇಳಿದೆ."

"ಅದ, ಅದ. ಇನ್ನ ಮ್ಯಾಲ ಪ್ರತಿ ಶನಿವಾರ ಅದು ನಮ್ಮ ಪ್ರೋಗ್ರಾಮಿನಾಗ ಇರ್ತದ." ಒಂದು ಬಣ್ಣದ ಹಾಳೆ ತಿರುಗಿಸಿ ತೋರಿಸಿದರು. 'ಸಂಜೆ ನಾಲ್ಕು ಗಂಟೆ: ಬಂಡೆಯ ದನಿ ಆಲಿಸುವ ಪಾರಂಪರಿಕ ಕಲೆ.' ಅದರ ಕೆಳಗೆ 'ರಾತ್ರಿ: ಕುರಿಹಟ್ಟಿಯಲ್ಲಿ ವಾಸ್ತವ್ಯ.'

"ಹಂಗಾದರ ಕಾರ್ಡ್, ಮೇಡಂ?"

"ಆಗೇದಲ್ರಿ," ಎಂದು ಡ್ರಾವರಿನಿಂದ ತೆಗೆದುಕೊಟ್ಟರು. ನನ್ನ ಫೋಟೋ, ನನ್ನ ಹೆಸರು, ಕೊರಳಿಗೆ ಕೆಂಪು ದಾರ. ಹೆಸರಿನ ಕೆಳಗೆ 'ಜಾನಪದ ಕಲಾವಿದ' ಎಂದಿತ್ತು.

"ಆ ವಿಭಾಗಕ್ಕ ಓದು ಕೇಳೂದಿಲ್ರಿ," ಎಂದರು ಮೇಡಂ, ನನ್ನ ಸಂತೋಷಕ್ಕೆಂದು.

ಜೊತೆಗೆ ಒಂದು ಜರಿಯಂಚಿನ ರುಮಾಲು ಕೊಟ್ಟರು, ತಲೆಗೆ ಸುತ್ತಿಕೊಳ್ಳಲು. ಹನ್ನೊಂದು ವರ್ಷದಲ್ಲಿ ನಾನು ಕಲ್ಲಿನ ಕೆಲಸಕ್ಕೆ ರುಮಾಲು ಸುತ್ತಿದ್ದು ಬೆವರು ಕಣ್ಣಿಗೆ ಇಳಿಯದಿರಲಿ ಎಂದು ಮಾತ್ರ.

ಏಳುವಾಗ ಮೇಡಂ ದನಿ ಇಳಿಸಿದರು. "ಇನ್ನೊಂದು ಮಾತ್ರಿ. ಆ ಕಲ್ಲು ಬೀಳಬಾರದು. ಬಿದ್ದರ ನಮ್ಮ ಪ್ರೋಗ್ರಾಮ ಹೋತು. ಬುಡಕ್ಕ ಏನರ ಬೆಣಿ ಗಿಣಿ ಹಾಕಿ ಆಸರಾ ಕೊಡ್ರಿ."

"ಅದು ಬೀಳೂದಿಲ್ಲ ಅಂತ ಶಿವಪುತ್ರಣ್ಣ ಬರದು ಕೊಟ್ಟಾರಲ್ರಿ."

"ಅವರು ಬರದದ್ದು ಫೈಲಿನಾಗ ಅದ. ನೀವು ಬೆಣಿ ಹಾಕ್ರಿ."

"ಮತ್ತ ಅಕಸ್ಮಾತ್ ಬಿದ್ದರ? ಅವರು ಬರದದ್ದು ಸುಳ್ಳು ಅಂತ ಆಗತೈತಲ್ರಿ?"

ಮೇಡಂ ಡ್ರಾವರ್ ಮುಚ್ಚಿದರು. ಅವರು ಅನ್ಯಾಯದವರಲ್ಲ. "ಬಿದ್ದರ ನೀವು ಹೊಸಾ ಫಾರ್ಮ್ ತುಂಬಬಹುದ್ರಿ," ಎಂದರು. "ಆವಾಗ ನಾನ ಬರದು ಸಹಿ ಮಾಡ್ತೇನಿ."

ಅಲ್ಲಿಗೆ ಲೆಕ್ಕ ಸ್ಪಷ್ಟವಾಯಿತು. ಬಂಡೆ ಬಿದ್ದರೆ ನಾನು ಗೈಡ್. ನಿಂತರೆ ಕಲಾವಿದ. ಅದನ್ನು ನಿಲ್ಲಿಸುವ ಕೆಲಸ ನನ್ನದೇ.

ಈಗ ಪ್ರತಿ ಶನಿವಾರ ಬೆಳಿಗ್ಗೆ, ಜನ ಬರುವ ಮೊದಲು, ನಾನು ಒಬ್ಬನೇ ಮೇಲೆ ಹೋಗುತ್ತೇನೆ. ಬಂಡೆಯ ಬುಡಕ್ಕೆ ಎರಡು ಕಲ್ಲುಕಂಬ ನಿಲ್ಲಿಸಿದ್ದೇನೆ. ಕಂಬದ ತಲೆಗೂ ಬಂಡೆಗೂ ನಡುವೆ ಜಾಲಿ ಕಟ್ಟಿಗೆಯ ನಾಲ್ಕು ಬೆಣೆ ಬಡಿದು ಬಿಗಿ ಮಾಡುತ್ತೇನೆ. ಬೆಣೆ ಬಿಗಿಯಾಗುವಾಗ ಬಂಡೆ ಸಣ್ಣಗೆ ನರಳುತ್ತದೆ. ಸಂಜೆ ನಾಲ್ಕಕ್ಕೆ ರುಮಾಲು ಸುತ್ತಿ, ಕಾರ್ಡ್ ತೂಗುಬಿಟ್ಟು, ಸುತ್ತಿಗೆ ಎತ್ತುತ್ತೇನೆ. ಖಣ್. ಖಣ್. ಬೊದ್. ಆ ಬೊದ್ ವಾರದಿಂದ ವಾರಕ್ಕೆ ದಪ್ಪವಾಗುತ್ತಿದೆ. "ಇದರ ಬುಡಕ ನಿಂದರಬ್ಯಾಡ್ರಿ, ಬೀಳತೈತಿ," ಎನ್ನುತ್ತೇನೆ. ಜನ ಚಪ್ಪಾಳೆ ತಟ್ಟುತ್ತಾರೆ. ಅಭಿನಯ ಭಾಳ ಸಹಜವಾಗಿದೆ ಎಂದು ಒಬ್ಬ ಮೇಷ್ಟ್ರು ಬೆನ್ನು ಚಪ್ಪರಿಸಿದರು. ಶಿವಪುತ್ರ ಆ ಹೊತ್ತಿಗೆ ಸರಿಯಾಗಿ ಇಪ್ಪತ್ತು ಮೀಟರ್ ದೂರದಲ್ಲಿ ನಿಂತಿರುತ್ತಾನೆ. ಅದು ರೂಲ್ಸ್ ಅಂತೆ. ಅವನು ಈಗ ಹಟ್ಟಿಯಲ್ಲೇ ಮಲಗುತ್ತಾನೆ. ಅತಿಥಿಗಳು ಎಲ್ಲಿಯೋ ಗೈಡ್ ಅಲ್ಲಿ ಎನ್ನುತ್ತಾನೆ.

ಭಾನುವಾರ ಎಲ್ಲರನ್ನೂ ಮಹಾಕೂಟಕ್ಕೆ ಮುಟ್ಟಿಸಿ ನಾನು ಮತ್ತೆ ಮೇಲೆ ಬರುತ್ತೇನೆ. ಇದು ಕಂಪನಿಗೆ ಗೊತ್ತಿಲ್ಲ. ಉದ್ದನೆಯ ಹಾರೆ ಹಿಡಿದು, ಪಕ್ಕದಲ್ಲಿ ದೂರ ನಿಂತು, ನಾಲ್ಕೂ ಬೆಣೆಗಳನ್ನು ಹೊಡೆದು ಉದುರಿಸುತ್ತೇನೆ. ಸುತ್ತ ಮುಳ್ಳು ಹಚ್ಚುತ್ತೇನೆ, ಕುರಿ ಬರಬಾರದೆಂದು. ಸೋಮವಾರದಿಂದ ಶುಕ್ರವಾರ, ಐದು ದಿನ. ಅಲ್ಲಿ ಯಾರೂ ಇರುವುದಿಲ್ಲ. ಅದಕ್ಕೆ ಬೀಳಲು ಪೂರ್ಣ ಸ್ವಾತಂತ್ರ್ಯ.

ಶನಿವಾರ ಬೆಳಿಗ್ಗೆ ಹತ್ತುವಾಗ ಕೊನೆಯ ತಿರುವಿನಲ್ಲಿ ನನ್ನ ಕಾಲು ತಾನಾಗಿ ಜೋರಾಗುತ್ತದೆ. ತಿರುಗಿ ನೋಡುತ್ತೇನೆ. ನಿಂತಿರುತ್ತದೆ. ಬೆಣೆ ಬಡಿಯಲು ಶುರು ಮಾಡುತ್ತೇನೆ.

ಕಳೆದ ಶನಿವಾರ ಬೀರಲಿಂಗಪ್ಪ ಕಾಕಾ ಕುರಿ ಹೊಡೆದುಕೊಂಡು ಅದೇ ದಾರಿಯಲ್ಲಿ ಬಂದ. ಮುಳ್ಳಿನ ಆಚೆ ಕೋಲೂರಿ ನಿಂತು ನಾನು ಬಡಿಯುವುದನ್ನು ನೋಡಿದ.

"ಈ ವಾರನೂ ಬೀಳಲಿಲ್ಲೇನ?"

"ಇಲ್ಲ, ಕಾಕಾ."

"ಬೀಳಾಕ ತಯಾರ ಐತಿಲ್ಲ?"

"ಪೂರಾ ತಯಾರ ಐತಿ."

ಕಾಕಾ ತಲೆಯ ಕಂಬಳಿ ಸರಿಮಾಡಿಕೊಂಡು ಬಂಡೆಯನ್ನು ಮೇಲಿಂದ ಕೆಳಗೆ ನೋಡಿದ.

"ಅದಕ್ಕೂ ಯಾರದರ ಸಹಿ ಬೇಕಾಗಿರಬೇಕು," ಎಂದು ಕುರಿಗಳ ಹಿಂದೆ ಹೋದ.